ಮಾರಿದ ಮೊದಲ ಎಂಜಿಬಿ: ಹುಡುಕಿಕೊಂಡು ಹೋಗಲಾ, ಬೇಡವಾ?

ತೀರ್ಥಹಳ್ಳಿ_ಟು_ರೆಡಿಂಗ್:
ನಮಸ್ಕಾರ. ಪ್ರಶ್ನೆ ಸ್ವಲ್ಪ ಹುಚ್ಚಿನದು, ಬೈಯಬೇಡಿ. ಇಂಗ್ಲೆಂಡಿಗೆ ಬಂದು ಎರಡು ವರ್ಷಕ್ಕೆ, 2009ರಲ್ಲಿ, ಒಂದು ಎಂಜಿಬಿ ರೋಡ್‌ಸ್ಟರ್ ಕೊಂಡಿದ್ದೆ. ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಛಾವಣಿಯ ಸ್ಪೋರ್ಟ್ಸ್ ಕಾರು, 1972ರ ಗಾಡಿ. ಕಡು ಹಸಿರು ಬಣ್ಣ, ಕ್ರೋಮ್ ಬಂಪರ್, ಸ್ಪೋಕ್ ಚಕ್ರ. 1972ರದ್ದೇ ಯಾಕೆ ಅಂದರೆ, 1973ಕ್ಕಿಂತ ಮುಂಚೆ ತಯಾರಾದ ಕಾರಿಗೆ ಆಗ ಇಲ್ಲಿ ರೋಡ್ ಟ್ಯಾಕ್ಸ್ ಇರಲಿಲ್ಲ. ಜಿಪುಣನ ಲೆಕ್ಕ.

ನೋಡೋಕೆ ಹೋದ ದಿನ ಕೀ ತಿರುಗಿಸಿದೆ. ಹಿಂದುಗಡೆಯಿಂದ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅಂದು ಸುಮ್ಮನಾಯಿತು. ಆಮೇಲೆ ಇಂಜಿನ್ ಎದ್ದಿತು ನೋಡಿ, ನನಗೆ ನೆನಪಾಗಿದ್ದು ಆಗುಂಬೆ ಘಾಟಿ ಹತ್ತುತ್ತಿದ್ದ ಮಾವನ ಅಂಬಾಸಿಡರ್! ಓದಿದ ಮೇಲೆ ಗೊತ್ತಾಯಿತು, ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಇದರ 1798 ಸಿಸಿ ಇಂಜಿನ್ನೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್, ಅಣ್ಣ ತಮ್ಮ. ಸ್ಪೋರ್ಟ್ಸ್ ಕಾರ್ ಅಂತ ಕೊಂಡು ಮಾವನ ಗಾಡಿಯನ್ನೇ ಮನೆಗೆ ತಂದಿದ್ದೆ.

2015ರಲ್ಲಿ ಮಗಳು ಹುಟ್ಟಿದಳು. ಇರೋದು ಎರಡೇ ಸೀಟು. ಮಾರಿದೆ.

ಈಗ ವಿಷಯ. ಇಲ್ಲಿ ಗಾಡಿ ನಂಬರ್ ಹಾಕಿದರೆ ಎಂಓಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವಾ ಅಂತ ನೋಡುವ ವಾರ್ಷಿಕ ತಪಾಸಣೆಯ ಇತಿಹಾಸ ಯಾರಿಗೆ ಬೇಕಾದರೂ ಕಾಣುತ್ತದೆ. ಎಷ್ಟು ಮೈಲಿ ಓಡಿದೆ, ಯಾಕೆ ಫೇಲ್ ಆಯಿತು, ಎಲ್ಲ. ಬೇರೆ ಊರಿಗೆ ಕೊಟ್ಟ ಹಸುವಿನ ಸಮಾಚಾರ ಕೇಳಿದ ಹಾಗೆ ವರ್ಷಕ್ಕೊಂದು ಸಲ ನೋಡುತ್ತಿದ್ದೆ. 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರುಗಳಿಗೆ ಎಂಓಟಿ ಕಡ್ಡಾಯ ಅಲ್ಲ ಅಂತಾಯಿತು, ಅಲ್ಲಿಗೆ ಸುದ್ದಿ ನಿಂತಿತು. ಈಗ ಬರೀ 'ಸಾರ್ನ್' ಅಂತ ಬರುತ್ತದೆ, ಅಂದರೆ ರಸ್ತೆಗೆ ಇಳಿಸುತ್ತಿಲ್ಲ. ಎಲ್ಲೋ ಟಾರ್ಪಾಲಿನ ಕೆಳಗೆ ಇರಬೇಕು. ಹುಡುಕಿ ವಾಪಸ್ ಕೊಳ್ಳಲಾ? ಅಥವಾ ಚೆನ್ನಾಗಿರುವ ಬೇರೆ ಎಂಜಿಬಿ ನೋಡಲಾ? ಯಾರಾದರೂ ಮಾಡಿದ್ದೀರಾ?

ಸಿಲ್_ಡಾಕ್ಟರ್:
ಕೊಳ್ಳಿ, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ಹೋಗಬೇಡಿ, ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಮೇಲೆ ಛಾವಣಿ ಇಲ್ಲದ ಗಾಡಿ, ಬಾಗಿಲ ಕೆಳಗಿನ ಸಿಲ್ಲೇ ಅದರ ಬೆನ್ನುಮೂಳೆ. ಅಯಸ್ಕಾಂತ ಅಂಟದ ಕಡೆ ಕಬ್ಬಿಣ ಇಲ್ಲ, ಬಣ್ಣದ ಕೆಳಗೆ ಬರೀ ತೂತು ಮುಚ್ಚೋ ಫಿಲ್ಲರ್ ಪೇಸ್ಟ್. ಜಾಕ್ ಹಾಕಿ ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಸಿಲ್ ಹೋಗಿದೆ ಅಂತಲೇ ಲೆಕ್ಕ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಯನ್ನೂ ನೋಡಿ, ನಿಮ್ಮ ವರ್ಷದ್ದಕ್ಕೆ ಎರಡು 6 ವೋಲ್ಟಿನವು ಇರುತ್ತವೆ, ಅಲ್ಲಿ ತುಕ್ಕು ಜಾಸ್ತಿ. ತೀರಾ ಕೆಟ್ಟಿದ್ದರೂ ದಾರಿ ಇದೆ, ಹಳೆಯ ಅಚ್ಚುಗಳಲ್ಲೇ ಒತ್ತಿದ ಹೊಸ ಬಾಡಿ ಶೆಲ್ 1988ರಿಂದ ಬಂದಿವೆ. ಆದರೆ ಶೆಲ್ಲೇ ಬದಲಾಯಿಸಿದರೆ ಅದು ನಿಮ್ಮ ಹಳೇ ಕಾರ್ ಹೌದಾ ಅಲ್ವಾ, ಅದನ್ನು ನೀವೇ ಯೋಚಿಸಿ. ಆಮೇಲೆ ಪೆಟ್ರೋಲ್. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್ ಬೆರೆತದ್ದು, ಹಳೇ ರಬ್ಬರ್ ಪೈಪಿಗೆ ಆಗಿಬರುವುದಿಲ್ಲ. ಎಥನಾಲ್ ಕಡಿಮೆ ಇರುವ ಇ5 ಹಾಕಿ.

ಹೆರಾಲ್ಡ್_ಮಲ್ಲೇಶ್ವರ:
ನನ್ನದು ಉಲ್ಟಾ ಕಥೆ. ಅಪ್ಪನ ಹತ್ತಿರ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಸ್ಪೋರ್ಟ್ಸ್ ಕಾರ್ ಅಲ್ಲ ಅಂತ ನಗಬೇಡಿ, ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರ್ ಹುಟ್ಟಿದ್ದೇ ಹೆರಾಲ್ಡ್ ಚಾಸಿಯನ್ನು ಕತ್ತರಿಸಿ. ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುತ್ತಿತ್ತು, ನಾನು ಮುಂದಿನ ಚಕ್ರದ ಮೇಲೆ ಕೂತು ಸ್ಪ್ಯಾನರ್ ಕೊಡುತ್ತಿದ್ದೆ. ನಮ್ಮ ಓಣಿಯಲ್ಲಿ ಒಂದೇ ಏಟಿಗೆ ಯು-ಟರ್ನ್ ಹೊಡೆಯುತ್ತಿದ್ದ ಕಾರು ಅದೊಂದೇ. ಮಾರಿ ವರ್ಷಗಳಾದ ಮೇಲೆ ಅದೇ ಬಣ್ಣದ ಇನ್ನೊಂದು ಹುಡುಕಿ ತಂದೆ. ಒಳ್ಳೇ ಗಾಡಿ, ದೂರೇನಿಲ್ಲ. ಅಪ್ಪ ಒಂದು ಸುತ್ತು ಓಡಿಸಿ ಇಳಿದು, 'ಗೇರ್ ಚೆನ್ನಾಗಿ ಬೀಳುತ್ತೆ, ಯಾರದ್ದಪ್ಪಾ ಇದು?' ಅಂದರು. ಅದಕ್ಕೇ ಹೇಳೋದು, ನಿಮ್ಮದೇ ಸಿಕ್ಕರೆ ತನ್ನಿ, ಇನ್ನೊಂದು ಬೇಡ.

ಪಕ್ಕದ_ಸೀಟಿನವಳು:
ಪಕ್ಕದ ಸೀಟಲ್ಲಿ ಕೂತು ಮಳೆಯಲ್ಲಿ ನೆಂದವಳಾಗಿ ಹೇಳ್ತೀನಿ, ಮಿಯಾಟಾ ತಗೊಳ್ಳಿ. ಹಳೇ ಬ್ರಿಟಿಷ್ ರೋಡ್‌ಸ್ಟರ್‌ಗಳನ್ನು ನೋಡಿಕೊಂಡೇ ಮಾಜ್ದಾದವರು 1989ರಲ್ಲಿ ತಂದ ಕಾರದು. ಅದರ ಟಾಪ್ ಕೂತಲ್ಲಿಂದಲೇ ಹಾಕಬಹುದು. ನನ್ನ ಗಂಡನ ಎಂಜಿಬಿಯಲ್ಲಿ ಬಟನ್ ಹಾಕಿ ಮುಗಿಸೋ ಹೊತ್ತಿಗೆ ಮಳೆಯೇ ನಿಂತಿರುತ್ತಿತ್ತು.

ಸಿಲ್_ಡಾಕ್ಟರ್:
ಮಿಯಾಟಾ ಸಿಲ್ಲೂ ತುಕ್ಕು ಹಿಡಿಯುತ್ತೆ ಮೇಡಂ 🙂

ತೀರ್ಥಹಳ್ಳಿ_ಟು_ರೆಡಿಂಗ್:
ಎಲ್ಲರಿಗೂ ಥ್ಯಾಂಕ್ಸ್. ಹೆರಾಲ್ಡ್ ಸರ್, ನಿಮ್ಮ ಅಪ್ಪನ ಮಾತು ಓದಿ ಬೇರೆ ಕಾರ್ ನೋಡೋ ಆಸೆ ಹೋಯಿತು. ನನ್ನದು ಈಗ ಯಾರ ಹತ್ತಿರ ಇದೆಯೋ ಗೊತ್ತಿಲ್ಲ, ಮಾರಿದಾಗಿನ ವಿಳಾಸ ಮಾತ್ರ ಇದೆ. ಇಷ್ಟು ವರ್ಷದ ಮೇಲೆ ಬಾಗಿಲು ತಟ್ಟಿ ಏನಂತ ಹೇಳೋದು? ಅಂದಹಾಗೆ, ಸ್ಪೋಕ್ ಚಕ್ರದ ನಡುವಿನ ನಟ್ ಬಿಚ್ಚೋ ತಾಮ್ರದ ಸುತ್ತಿಗೆ ಅವತ್ತು ಕೊಡೋದು ಮರೆತಿದ್ದೆ. ಈಗ ನಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆಯೋದು ಅದರಲ್ಲೇ.

ಪಕ್ಕದ_ಸೀಟಿನವಳು:
ಮತ್ತಿನ್ನೇನು ಮಾರಾಯ್ರೆ, ಸುತ್ತಿಗೆ ಕೊಡೋಕೆ ಬಂದೆ ಅನ್ನಿ. ತೊಳೆದುಕೊಂಡು ಹೋಗಿ.