ನ್ಯಾನೋವೈರ್ ಡಿಟೆಕ್ಟರ್ ದಕ್ಷತೆ ಶೇ. 102 ಬರ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ:
ಒಂದೊಂದೇ ಫೋಟಾನ್ (ಬೆಳಕಿನ ಕಣ) ಎಣಿಸುವ ನಯೋಬಿಯಂ ನೈಟ್ರೈಡ್ ನ್ಯಾನೋವೈರ್ (ಅತಿ ಸಣ್ಣ ಸೂಪರ್‌ಕಂಡಕ್ಟರ್ ತಂತಿ), 2.3 ಕೆಲ್ವಿನ್. 1550 ನ್ಯಾನೋಮೀಟರ್ ಲೇಸರ್, ಸಾಲಾಗಿ ಮೂರು ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ಸಾಧನ). ಪವರ್ ಮೀಟರ್‌ನಲ್ಲಿ 1 ಮೈಕ್ರೋವ್ಯಾಟ್ ನೋಡಿಕೊಂಡು, ಫೈಬರನ್ನು ಕ್ರಯೋಸ್ಟಾಟ್ (ಡಿಟೆಕ್ಟರ್ ಇರುವ ಅತಿಶೀತಲ ಪೆಟ್ಟಿಗೆ) ಫೈಬರ್‌ಗೆ ಸ್ಪ್ಲೈಸ್ ಮಾಡಿ (ಕರಗಿಸಿ ಬೆಸೆದು), 70 ಡಿಬಿ (ಕೋಟಿಯಲ್ಲೊಂದು ಪಾಲಿಗೆ) ಇಳಿಸಿದ್ದೇನೆ. ಲೆಕ್ಕದಂತೆ ಸೆಕೆಂಡಿಗೆ 7.8 ಲಕ್ಷ ಫೋಟಾನ್. ಕೌಂಟರ್‌ನಲ್ಲಿ 8 ಲಕ್ಷ! ಡಾರ್ಕ್ ಕೌಂಟ್ (ಲೇಸರ್ ಇಲ್ಲದಾಗಿನ ಎಣಿಕೆ) ಬರೀ 300.

ಉತ್ತರ 1:
ಸ್ಪ್ಲೈಸ್ ಅಂದಿರಲ್ಲ, ಮೊದಲ ಸುಳಿವು ಅಲ್ಲೇ ಇದೆ. ಮೀಟರ್‌ಗೆ ಸಿಕ್ಕಿಸಿದಾಗ ಬೆಳಕು ಫೈಬರ್ ತುದಿಯ ಗಾಜಿನಿಂದ ಗಾಳಿಗೆ ಬರಬೇಕು. ಅಲ್ಲಿ ಸುಮಾರು ಶೇ. 3.5 ವಾಪಸ್ ಹೋಗುತ್ತದೆ. ಸ್ಪ್ಲೈಸ್‌ನಲ್ಲಿ ಗಾಜಿಗೆ ಗಾಜೇ ಬೆಸೆದಿರುವುದರಿಂದ ಆ ನಷ್ಟವಿಲ್ಲ. ಹಾಗಾಗಿ ಒಳಗೆ ಹೋಗುತ್ತಿರುವುದು 8.08 ಲಕ್ಷ, ದಕ್ಷತೆ ಶೇ. 99. ಅಷ್ಟು ದಕ್ಷತೆ ಅಸಾಧ್ಯವೇನಲ್ಲ, ಆದರೆ ಈಗಲೇ ನಂಬಬೇಡಿ.

70 ಡಿಬಿ ಅನ್ನುವುದು ಪರದೆ ಮೇಲಿನ ಅಂಕಿಯೇ? 0.1 ಡಿಬಿ ತಪ್ಪಿದರೂ ಶೇ. 2.3 ವ್ಯತ್ಯಾಸ. ಮೂರು ಅಟೆನ್ಯುಯೇಟರ್‌ಗಳಲ್ಲಿ ಉಳಿದೆರಡನ್ನು ಸೊನ್ನೆಗಿಟ್ಟು ಒಂದೊಂದನ್ನೇ ಮೀಟರ್‌ನಲ್ಲಿ ಅಳೆದು ಕೂಡಿಸಿ. ಪ್ರತಿ ಸಲವೂ ಲೇಸರ್ ಮುಚ್ಚಿ ಮೀಟರ್‌ನ ಸೊನ್ನೆ ಸರಿಮಾಡಿಕೊಳ್ಳಿ.

ಉತ್ತರ 2:
ನನ್ನ ಅನುಮಾನ ಕೌಂಟರ್ ಮೇಲೆ. ಟ್ರಿಗರ್ ಲೆವೆಲ್ (ಪಲ್ಸ್ ಎಷ್ಟು ವೋಲ್ಟ್ ದಾಟಿದರೆ ಎಣಿಸಬೇಕು ಎಂಬ ಮಿತಿ) ಎಷ್ಟಿಟ್ಟಿದ್ದೀರಿ? ಪಲ್ಸ್ ಇಳಿಯುವಾಗ ಆಂಪ್ಲಿಫೈಯರ್, ಕೇಬಲ್‌ನಿಂದ ಸಣ್ಣ ಅಲೆ ಏಳುತ್ತದೆ. ಲೆವೆಲ್ ತಗ್ಗಿನಲ್ಲಿದ್ದರೆ ಒಂದೇ ಫೋಟಾನ್ ಎರಡು ಸಲ ಎಣಿಕೆಯಾಗುತ್ತದೆ. ಅಕ್ಕಪಕ್ಕದ ಎರಡು ಎಣಿಕೆಗಳ ನಡುವಿನ ಸಮಯದ ಹಿಸ್ಟೋಗ್ರಾಮ್ ಹಾಕಿ. ಈ ಜಾತಿಯ ವೈರ್ ಚೇತರಿಸಿಕೊಳ್ಳಲು ಹತ್ತಾರು ನ್ಯಾನೋಸೆಕೆಂಡ್ ಬೇಕು. ಅದಕ್ಕೂ ಮುಂಚೆ ಚೂಪಾದ ಶಿಖರ ಕಂಡರೆ ಅದು ಫೋಟಾನ್ ಅಲ್ಲ. ಆಮೇಲೆ ಲೆವೆಲ್ಲನ್ನು ಮೆಲ್ಲಗೆ ಏರಿಸುತ್ತಾ ಎಣಿಕೆ ಬರೆದುಕೊಳ್ಳಿ, ಸಮತಟ್ಟಾದ ಜಾಗದ ನಡುವೆ ನಿಲ್ಲಿಸಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಪಲ್ಸ್ ಎತ್ತರ 300 ಮಿಲಿವೋಲ್ಟ್, ಲೆವೆಲ್ 50ರಲ್ಲಿತ್ತು. 12 ನ್ಯಾನೋಸೆಕೆಂಡ್ ಹತ್ತಿರ ದೊಡ್ಡ ಶಿಖರ. 150ಕ್ಕೆ ಏರಿಸಿದರೆ 7.1 ಲಕ್ಷ. ಅಟೆನ್ಯುಯೇಟರ್ ಮೊತ್ತ 69.9 ಡಿಬಿ, ಅಂದರೆ ಫೋಟಾನ್ 8.27 ಲಕ್ಷ. ದಕ್ಷತೆ ಶೇ. 86.

ಉತ್ತರ 1:
ಈಗ ಸರಿಹೋಯಿತು. ಆದರೆ 7–8 ಲಕ್ಷದ ದರದಲ್ಲಿ ಚೇತರಿಕೆಯ ಸಮಯದಲ್ಲೇ ಶೇ. 2–3 ಕಳೆದುಹೋಗುತ್ತದೆ, ಇನ್ನೂ 10 ಡಿಬಿ ಇಳಿಸಿ ಅಳೆಯಿರಿ. ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) ಕಂಟ್ರೋಲರ್ ತಿರುಗಿಸಿ ಗರಿಷ್ಠ, ಕನಿಷ್ಠ ಎರಡನ್ನೂ ಬರೆದಿಡಿ. ವೈರ್ ಹಾವಿನಂತೆ ಮಡಚಿರುವುದರಿಂದ ಎರಡೂ ಒಂದೇ ಬರುವುದಿಲ್ಲ. ಡಾರ್ಕ್ ಕೌಂಟ್ ತೆಗೆಯುವಾಗ ಫೈಬರ್ ಕಳಚಬೇಡಿ, ಶಟರ್ ಮಾತ್ರ ಮುಚ್ಚಿ. ಹಳದಿ ಜಾಕೆಟ್ ಮೂಲಕ ಟ್ಯೂಬ್‌ಲೈಟ್ ಬೆಳಕೂ ಒಳನುಗ್ಗುತ್ತದೆ, ಕಪ್ಪು ಬಟ್ಟೆ ಹೊದಿಸಿ.