ರೈಲು ಹುಚ್ಚಿನ ಒಂಬತ್ತು ಜನ, ಅಕ್ಟೋಬರ್‌ನಲ್ಲಿ ಜಪಾನ್: ಈ ಪ್ಲ್ಯಾನ್ ನಡೆಯುತ್ತಾ?

ಘಟ್ಟದಗಾಡಿ

ಎಲ್ಲರಿಗೂ ನಮಸ್ಕಾರ. ನಾವು ಒಂಬತ್ತು ಜನ, ಎಲ್ಲರಿಗೂ ರೈಲಿನ ಹುಚ್ಚು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಗಾಡಿಗಳ ಫೋಟೊ ತೆಗೆಯುತ್ತಾ ಪರಿಚಯ ಆದವರು. ಇಬ್ಬರು ಹುಬ್ಬಳ್ಳಿಯವರು, ಒಬ್ಬರು ಮೈಸೂರಿನ ನಿವೃತ್ತ ಲೋಕೊ ಪೈಲಟ್, ಉಳಿದವರು ಬೆಂಗಳೂರು. ಮೂರು ಜನ ಶುದ್ಧ ಸಸ್ಯಾಹಾರಿ. ದಸರಾ ರಜೆ ಹೊತ್ತಿಗೆ ಹತ್ತು ದಿನ ಜಪಾನಿಗೆ ಹೋಗುವುದು ಅಂತ ಗಟ್ಟಿ ಆಗಿದೆ.

ಟೂರ್‌ನವರನ್ನು ಕೇಳಿದರೆ ಫ್ಯೂಜಿ, ಥೀಮ್ ಪಾರ್ಕ್, ಶಾಪಿಂಗ್ ಅಂತ ಪಟ್ಟಿ ಕೊಡುತ್ತಾರೆ. ನಮಗೆ ಬೇಕಿರುವುದು ಅದಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎರಡು ಗಂಟೆ ನಿಲ್ಲಬೇಕು, ಯಾರೂ "ಸಾಕು ಬನ್ರೀ" ಅನ್ನಬಾರದು, ಅಷ್ಟೇ.

ಈಗಿರುವ ಪ್ಲ್ಯಾನ್: ಟೋಕಿಯೊ, ಓಮಿಯಾ ರೈಲ್ವೆ ಮ್ಯೂಸಿಯಂ, ನಗೋಯಾ ಮ್ಯೂಸಿಯಂ, ಕ್ಯೋಟೊ ಮ್ಯೂಸಿಯಂ, ಹಿರೋಶಿಮಾದ ಟ್ರಾಮ್‌ಗಳು, ಆಮೇಲೆ ಉತ್ತರಕ್ಕೆ ಮೊರಿಯೊಕಾ, ಅಲ್ಲಿಂದ ಹೊಕ್ಕೈಡೊ. ಸುಮಾರು ದಿನಕ್ಕೊಂದು ಹೋಟೆಲ್. ಜೆಆರ್ (ಜಪಾನ್ ರೈಲ್ವೆ) ಗಾಡಿಗಳಲ್ಲಿ ಇಷ್ಟು ದಿನ ಅಂತ ಓಡಾಡಲು ಕೊಡುವ ಜೆಆರ್ ಪಾಸ್ ತಗೋಬೇಕಾ? ಒಂಬತ್ತು ಜನಕ್ಕೆ ಒಟ್ಟಿಗೆ ಸೀಟು ಸಿಗುತ್ತಾ? ಊಟದ ಕಥೆ ಏನು? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಸೈತಾಮಾದಿಂದ

ಓಮಿಯಾ ಹತ್ತಿರವೇ ಇದ್ದೀನಿ, ನೇರವಾಗಿ ಹೇಳ್ತೀನಿ. ಹೊಕ್ಕೈಡೊ ಬಿಡಿ, ಹಿರೋಶಿಮಾನೂ ಬಿಡಿ. ಟೋಕಿಯೊದಿಂದ ಶಿಂಕಾನ್ಸೆನ್‌ನಲ್ಲಿ (ಬುಲೆಟ್ ರೈಲು) ಹೊಕ್ಕೈಡೊದ ಮೊದಲ ದೊಡ್ಡ ನಿಲ್ದಾಣಕ್ಕೇ ನಾಲ್ಕು ಗಂಟೆ, ಅಲ್ಲಿಂದ ಸಪ್ಪೊರೊಗೆ ಮತ್ತೆ ಮೂರೂವರೆ ಗಂಟೆ. ಒಂಬತ್ತು ಜನ ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಹೋಟೆಲ್ ಖಾಲಿ ಮಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ. ಟೋಕಿಯೊ ಅಥವಾ ಓಮಿಯಾದಲ್ಲಿ ಒಂದು ಠಿಕಾಣಿ, ಕ್ಯೋಟೊದಲ್ಲಿ ಇನ್ನೊಂದು, ಸಾಕು. ಉತ್ತರದ ಟೊಹೊಕು (ಮೊರಿಯೊಕಾ ಇರುವ ಭಾಗ) ಕಡೆಗೆ ಹೋಗುವ ಶಿಂಕಾನ್ಸೆನ್‌ಗಳೆಲ್ಲ ಓಮಿಯಾದಲ್ಲಿ ನಿಲ್ಲುತ್ತವೆ, ಹೋಟೆಲ್ ಕೂಡ ಟೋಕಿಯೊ ನಡುಮಧ್ಯಕ್ಕಿಂತ ಸಾಮಾನ್ಯವಾಗಿ ಅಗ್ಗ.

ವಾರದ ರಜೆ ನೋಡಿಕೊಂಡು ದಿನ ಗೊತ್ತು ಮಾಡಿ. ಓಮಿಯಾ ಮತ್ತು ನಗೋಯಾ ಮ್ಯೂಸಿಯಂ ಮಂಗಳವಾರ ಬಾಗಿಲು ಹಾಕುತ್ತವೆ, ಕ್ಯೋಟೊದ್ದು ಬುಧವಾರ. ಅಕ್ಟೋಬರ್‌ನ ಎರಡನೇ ಸೋಮವಾರ ಇಲ್ಲಿ ಸರ್ಕಾರಿ ರಜೆ, ಆ ಮೂರು ದಿನ ಎಲ್ಲ ಕಡೆ ಜನಜಂಗುಳಿ, ಮ್ಯೂಸಿಯಂಗಂತೂ ಹೋಗಬೇಡಿ. ಅಕ್ಟೋಬರ್ 14 ಮಾತ್ರ ಬಿಡಬೇಡಿ. ಜಪಾನಿನ ಮೊದಲ ರೈಲು, ಶಿಂಬಾಶಿಯಿಂದ ಯೊಕೊಹಾಮಾಗೆ, 1872ರಲ್ಲಿ ವಿಧ್ಯುಕ್ತವಾಗಿ ಶುರುವಾದ ದಿನ ಅದು. ಇಲ್ಲಿ ಅದು ರೈಲ್ವೆ ದಿನ, ಆ ಸುಮಾರಿನಲ್ಲಿ ರೈಲ್ವೆ ಕಾರ್ಯಕ್ರಮಗಳು ಜಾಸ್ತಿ.

ಓಮಿಯಾ ಮ್ಯೂಸಿಯಂಗೆ ಪೂರ್ತಿ ಒಂದು ದಿನ ಕೊಡಿ. ಮಧ್ಯದ ಟರ್ನ್‌ಟೇಬಲ್ (ಎಂಜಿನ್ ತಿರುಗಿಸುವ ಚಕ್ರ) ಮೇಲೆ ಸಿ57 135 ಎಂಬ ಉಗಿ ಎಂಜಿನ್ ನಿಂತಿದೆ. ಜಪಾನಿನಲ್ಲಿ ಉಗಿ ಎಂಜಿನ್ ಎಳೆದ ಕೊನೆಯ ದೈನಂದಿನ ಪ್ರಯಾಣಿಕ ಗಾಡಿ, 1975ರ ಡಿಸೆಂಬರ್ 14ರದ್ದು, ಅದನ್ನು ಎಳೆದದ್ದು ಇದೇ ಎಂಜಿನ್. ಅದು ಸೀಟಿ ಊದಿಕೊಂಡು ಸುತ್ತು ತಿರುಗುವಾಗ ಇಡೀ ಹಾಲ್ ಅದುರುತ್ತದೆ. ಟಿಕೆಟ್ ಮೊದಲೇ ತಗೊಳ್ಳಿ.

ಲೆಕ್ಕದವರು

ಪಾಸ್ ಬಗ್ಗೆ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಅದಕ್ಕೂ ಮೊದಲಿನ ವೀಡಿಯೊ ನೋಡಿ "ಕಣ್ಣು ಮುಚ್ಚಿ ತಗೊಳ್ಳಿ" ಅನ್ನುವವರ ಮಾತು ಕೇಳಬೇಡಿ. ಪಾಸೇ ದಂಡ ಅನ್ನುವವರ ಮಾತೂ ಬೇಡ, ನಿಮ್ಮ ದಾರಿ ಇಟ್ಟು ಲೆಕ್ಕ ಹಾಕಿ.

ಟೋಕಿಯೊ–ಕ್ಯೋಟೊ ಒಂದು ಕಡೆಗೆ ಹತ್ತಿರ ಹತ್ತಿರ 14,000 ಯೆನ್. ಟೋಕಿಯೊ–ಮೊರಿಯೊಕಾ ಒಂದು ಕಡೆಗೆ ಸುಮಾರು 15,000. ಎರಡಕ್ಕೂ ಹೋಗಿ ಬಂದರೆ 58,000. ಎರಡೂ ಸತತ 7 ದಿನದೊಳಗೆ ಕೂತರೆ ಪಾಸ್ ಗೆಲ್ಲುತ್ತದೆ. ಆದರೆ ಕ್ಯೋಟೊವನ್ನು ಕೊನೆಗೆ ಇಟ್ಟುಕೊಂಡು, ಟೋಕಿಯೊಗೆ ವಾಪಸ್ ಬಾರದೆ ಆ ಕಡೆಯ ಕನ್ಸಾಯ್ ಏರ್‌ಪೋರ್ಟಿಂದಲೇ ಊರಿಗೆ ಹೊರಟರೆ ಖರ್ಚು 44,000, ಆಗ ಪಾಸ್ ಬೇಡ. ಬೆಂಗಳೂರಿಂದ ಟೋಕಿಯೊದ ನರಿಟಾ ಏರ್‌ಪೋರ್ಟಿಗೆ ನೇರ ವಿಮಾನ ಇದೆ, ಬರುವಾಗ ಸಿಂಗಪುರವೋ ಬ್ಯಾಂಕಾಕೋ ಸುತ್ತಿ ಬರಬೇಕಾಗುತ್ತದೆ. ಎರಡೂ ಟಿಕೆಟ್ ದರ ನೋಡಿ ಆಮೇಲೆ ನಿರ್ಧಾರ ಮಾಡಿ.

ಪಾಸ್ ಇದ್ದರೂ ಕ್ಯೋಟೊ ಕಡೆಯ ಶಿಂಕಾನ್ಸೆನ್‌ಗಳಲ್ಲಿ ನೊಝೊಮಿ ಹತ್ತಲು ಬೇರೆ ಹಣ ಕಟ್ಟಬೇಕು, ಹಿಕಾರಿಗೆ ಬೇಡ. ಮೊರಿಯೊಕಾ ಕಡೆಯ ಹಯಾಬುಸಾ, ಕೊಮಾಚಿಗೂ ಬೇಡ, ಆದರೆ ಅವೆರಡರಲ್ಲಿ ಸೀಟು ಕಾಯ್ದಿರಿಸಲೇಬೇಕು. ಓಮಿಯಾ, ನಗೋಯಾ ಮ್ಯೂಸಿಯಂಗಳಿಗೆ ಕೊನೆಯ ತುಂಡು ದಾರಿ ಜೆಆರ್‌ನದ್ದಲ್ಲ, ಅಲ್ಲಿ ಪಾಸ್ ನಡೆಯಲ್ಲ. ತಲೆಗೊಂದು ಸುಯಿಕಾ ಕಾರ್ಡ್ (ದುಡ್ಡು ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್) ಇರಲಿ.

ಘಟ್ಟದಗಾಡಿ

ತುಂಬಾ ಥ್ಯಾಂಕ್ಸ್. ಹೊಕ್ಕೈಡೊ, ಹಿರೋಶಿಮಾ ಕೈಬಿಟ್ಟಾಯಿತು, ಗುಂಪಿನಲ್ಲಿ ಯಾರೂ ತಕರಾರು ಮಾಡಲಿಲ್ಲ. ಮೊರಿಯೊಕಾ ಮಾತ್ರ ಬೇಕೇ ಬೇಕು ಅಂತ ಹುಬ್ಬಳ್ಳಿಯವರ ಹಟ. ಅಲ್ಲಿ ಎರಡು ಶಿಂಕಾನ್ಸೆನ್ ಒಂದಕ್ಕೊಂದು ಕೂಡಿಕೊಳ್ಳುವುದು ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ? ಇನ್ನೊಂದು, ನಮ್ಮ ಲೋಕೊ ಪೈಲಟ್ ಅಂಕಲ್‌ಗೆ ಬರೀ ಗಾಜಿನ ಹಿಂದಿನ ಎಂಜಿನ್ ನೋಡಿಸಿದರೆ ತೃಪ್ತಿ ಆಗಲ್ಲ. ಅವರು ವರ್ಷಗಟ್ಟಲೆ ಘಟ್ಟದಲ್ಲಿ ಗಾಡಿ ಓಡಿಸಿದವರು. ಅವರಿಗಾಗಿಯೇ ಏನಾದರೂ ಇದೆಯಾ?

ಬ್ಯಾಂಕರ್‌ಪ್ರೇಮಿ

ಅಂಕಲ್‌ಗೆ ಇರುವ ಜಾಗ ಯೊಕೊಕಾವಾ. ಇದನ್ನು ಓದಿ, ಆಮೇಲೆ ಪ್ಲ್ಯಾನ್‌ನಲ್ಲಿ ಏನು ಬೇಕಾದರೂ ಕಡಿಮೆ ಮಾಡಿ, ಇದನ್ನು ಮಾತ್ರ ಸೇರಿಸಿ.

ಟೋಕಿಯೊದಿಂದ ಶಿಂಕಾನ್ಸೆನ್‌ನಲ್ಲಿ ತಕಾಸಾಕಿ, ಅಲ್ಲಿಂದ ಲೋಕಲ್ ಗಾಡಿಯಲ್ಲಿ ಅರ್ಧ ಗಂಟೆ ಚಿಲ್ಲರೆ. ಹಳಿ ಅಲ್ಲಿಗೆ ಮುಗಿಯುತ್ತದೆ. ಮೊದಲು ಮುಗಿಯುತ್ತಿರಲಿಲ್ಲ. ಮುಂದೆ ಉಸುಯಿ ಘಟ್ಟ, ಸಾವಿರ ಮೀಟರ್ ಮುಂದೆ ಹೋದರೆ 66.7 ಮೀಟರ್ ಏರುವ ದಾರಿ. 1893ರಲ್ಲಿ ಶುರುವಾದಾಗ ನಡುವೆ ಹಲ್ಲಿನ ಹಳಿ ಇತ್ತು, ಆಬ್ಟ್ ಪದ್ಧತಿ, ನಮ್ಮ ಊಟಿ ಗಾಡಿಯದ್ದೂ ಅದೇ ಬಗೆ. 1963ರಲ್ಲಿ ಹಲ್ಲಿನ ಹಳಿ ಹೋಯಿತು, ಬದಲಿಗೆ ಇಎಫ್63 ಎಂಬ ಎಂಜಿನ್ ಜೋಡಿ ಬಂತು. ಪ್ರತಿ ಗಾಡಿಯ ಕೆಳತುದಿಗೆ ಎರಡು ಎಂಜಿನ್ ಕಟ್ಟಿ ಮೇಲಕ್ಕೆ ತಳ್ಳುತ್ತಿದ್ದರು. ಸುಬ್ರಹ್ಮಣ್ಯ ರೋಡಿನಲ್ಲಿ ಬ್ಯಾಂಕರ್ (ಹಿಂದಿನಿಂದ ತಳ್ಳುವ ಎಂಜಿನ್) ಕಟ್ಟುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. 1997ರಲ್ಲಿ ನಗಾನೊ ಶಿಂಕಾನ್ಸೆನ್ ಬಂದು ಈ ದಾರಿ ಮುಚ್ಚಿತು.

ಬ್ಯಾಂಕರ್ ಕಟ್ಟಲು ಗಾಡಿ ಯೊಕೊಕಾವಾದಲ್ಲಿ ನಿಲ್ಲಲೇಬೇಕಿತ್ತು, ಜನ ಇಳಿದು ಊಟ ಕೊಳ್ಳುತ್ತಿದ್ದರು. ಹಾಗಾಗಿ 1958ರಲ್ಲಿ ಮಣ್ಣಿನ ಮಡಕೆಯಲ್ಲಿ ಬಿಸಿ ಅನ್ನದ ಊಟ ಶುರುವಾಯಿತು, ಇವತ್ತಿಗೂ ಸಿಗುತ್ತದೆ. ಅದರಲ್ಲಿ ಕೋಳಿ ಇರುತ್ತದೆ, ಸಸ್ಯಾಹಾರಿಗಳು ಗಮನಿಸಿ. ಮಡಕೆ ಮನೆಗೆ ತರಬಹುದು.

ಹಳೆಯ ಲೋಕೊ ಶೆಡ್ ಇದ್ದ ಜಾಗದಲ್ಲೇ ಈಗ ರೈಲ್ವೆ ಪಾರ್ಕ್ ಇದೆ. ಕೆಲವು ಎಂಜಿನ್‌ಗಳ ಕ್ಯಾಬ್ ಒಳಗೆ ಹತ್ತಿ ಕೂರಬಹುದು. ನಿಜವಾದ ಇಎಫ್63 ಓಡಿಸಲೂ ಬಿಡುತ್ತಾರೆ, ಆದರೆ ಅದಕ್ಕೆ ಮೊದಲೇ ಹೆಸರು ಕೊಟ್ಟು, ಜಪಾನಿ ಭಾಷೆಯಲ್ಲಿ ದಿನವಿಡೀ ಪಾಠ ಕೇಳಿ, ಪರೀಕ್ಷೆ ಪಾಸಾಗಬೇಕು. ಈ ಸಲ ಆಗಲಿಕ್ಕಿಲ್ಲ. ಅಂಕಲ್‌ಗೆ ಕ್ಯಾಬ್‌ನಲ್ಲಿ ಕೂತು ಬ್ರೇಕ್ ಹಿಡಿ ಮುಟ್ಟಿ ನೋಡುವುದೇ ದೊಡ್ಡದು ಅನ್ನಿಸಬಹುದು.

ಉಳಿದವರು ನಡೆಯಿರಿ. ಹಳೆಯ ಹಳಿದಾರಿಯನ್ನೇ ಕಾಲುದಾರಿ ಮಾಡಿದ್ದಾರೆ. ಸುರಂಗಗಳ ಒಳಗೇ ನಡೆದು ಸುಮಾರು 5 ಕಿ.ಮೀ. ಹೋದರೆ ಮೆಗಾನೆ ಸೇತುವೆ, 1892ರದ್ದು, ಪೂರ್ತಿ ಇಟ್ಟಿಗೆ, ನಾಲ್ಕು ಕಮಾನು, 31 ಮೀಟರ್ ಎತ್ತರ. ಸುರಂಗದ ಗೋಡೆಗೆ ಕೈ ಇಟ್ಟರೆ ಇಟ್ಟಿಗೆ ತಣ್ಣಗೆ, ಒದ್ದೆ. ಸಂಜೆ 6ಕ್ಕೆ ಒಳಗಿನ ದೀಪ ಆರಿಸುತ್ತಾರೆ, ಬೆಳಿಗ್ಗೆಯೇ ಹೊರಡಿ. ಸಕಲೇಶಪುರದ ಹಳಿ ಮೇಲೆ ನಡೆಯುವುದು ನಮ್ಮಲ್ಲಿ ನಿಷೇಧ, ಅದು ಸರಿಯೇ, ಗಾಡಿ ಓಡುವ ದಾರಿ ಅದು. ಇಲ್ಲಿ ಘಟ್ಟದ ಹಳಿದಾರಿಯನ್ನು ಯಾರ ಭಯವೂ ಇಲ್ಲದೆ ಕಾಲಲ್ಲಿ ಅಳೆಯಬಹುದು. ಘಟ್ಟದಿಂದಲೇ ಸ್ನೇಹಿತರಾದ ನೀವು ಇದನ್ನು ಬಿಟ್ಟು ಬಂದರೆ ನನಗೇ ಬೇಜಾರಾಗುತ್ತದೆ.

ಸೈತಾಮಾದಿಂದ

ಉಸುಯಿಗೆ ನನ್ನ ಓಟೂ ಇದೆ.

ಮೊರಿಯೊಕಾದಲ್ಲಿ ಟೋಕಿಯೊ ಕಡೆ ಹೋಗುವ ಪ್ಲಾಟ್‌ಫಾರ್ಮಿನಲ್ಲಿ 10 ಮತ್ತು 11ನೇ ಬೋಗಿಯ ಗುರುತಿನ ನಡುವೆ ನಿಲ್ಲಿ. ಹಸಿರು ಹಯಾಬುಸಾ ಮೊದಲು ಬಂದು ನಿಲ್ಲುತ್ತದೆ, ಅದರ ಹಿಂದಿನ ಮೂತಿಯ ಮುಚ್ಚಳ ತೆರೆದು ಒಳಗಿನ ಕಪ್ಲರ್ (ಗಾಡಿ ಜೋಡಿಸುವ ಕೊಂಡಿ) ಕಾಣುತ್ತದೆ. ಆಮೇಲೆ ಅಕಿತಾದಿಂದ ಕೆಂಪು ಕೊಮಾಚಿ ಬರುತ್ತದೆ, ಸ್ವಲ್ಪ ದೂರದಲ್ಲಿ ನಿಂತು, ಮತ್ತೆ ಇಂಚಿಂಚಾಗಿ ತೆವಳಿ ಬಂದು ಕೂಡಿಕೊಳ್ಳುತ್ತದೆ. ಕೊಮಾಚಿ ಬೋಗಿ ಅಗಲ ಕಡಿಮೆ, ಏಕೆಂದರೆ ಅಕಿತಾ ದಾರಿ ಹಳೆಯ ನ್ಯಾರೋಗೇಜ್ ದಾರಿ, ಹಳಿ ಅಗಲ ಮಾಡಿದರು, ಸುರಂಗ ಹಾಗೇ ಉಳಿಯಿತು. ಅದಕ್ಕೇ ಬಾಗಿಲ ಕೆಳಗಿಂದ ಒಂದು ಮೆಟ್ಟಿಲು ಹೊರಗೆ ಚಾಚಿಕೊಳ್ಳುತ್ತದೆ, ಅದನ್ನೂ ನೋಡಿ. ಮಕ್ಕಳು ತುಂಬಾ ಸೇರುತ್ತಾರೆ, ಅವರಿಗೆ ಮುಂದೆ ಜಾಗ ಬಿಡಿ. ಫ್ಲ್ಯಾಶ್ ಬೇಡ, ಟ್ರೈಪಾಡ್ ಬೇಡ, ಹಳದಿ ಪಟ್ಟಿ ದಾಟಲೇಬೇಡಿ. ಒಬ್ಬರು ದಾಟಿದರೂ ಗಾಡಿ ನಿಲ್ಲಿಸಬಹುದು.

ಪುಳಿಯೋಗರೆ_ಪ್ಯಾಕ್

ಊಟದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನಾನೂ ಸಸ್ಯಾಹಾರಿ. ತೊಂದರೆ ಮಾಂಸದ್ದಲ್ಲ, ಮೀನಿನ ಸಾರಿನದ್ದು. ತರಕಾರಿ ಸಾರು, ಉಡಾನ್, ಕೊನೆಗೆ ಬೇಯಿಸಿದ ಸೊಪ್ಪಿನಲ್ಲೂ ಅದು ಇರುತ್ತದೆ, ನೋಡಿದರೆ ಗೊತ್ತೇ ಆಗಲ್ಲ. "ಮಾಂಸ ಬೇಡ" ಅಂದರೆ ಸಾಲದು, ಮೀನಿನ ಸಾರೂ ಬೇಡ ಅಂತ ಜಪಾನಿಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಟೋಕಿಯೊ ಸ್ಟೇಷನ್ ಒಳಗೇ ಪೂರ್ತಿ ಸಸ್ಯಾಹಾರಿ ರಾಮೆನ್ ಅಂಗಡಿ ಇದೆ, ಟೀಸ್ ತಾನ್‌ತಾನ್ ಅಂತ, ನಿಮ್ಮಂಥವರಿಗೆ ಸ್ಟೇಷನ್ ಬಿಟ್ಟು ಹೋಗುವ ಗೋಜೂ ಇಲ್ಲ. ಮೊರಿಯೊಕಾ, ಯೊಕೊಕಾವಾ ದಿನಗಳಿಗೆ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಬಿಸಿ ಅನ್ನದ ಡಬ್ಬಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಪೆಟ್ಟಿಗೆಯಲ್ಲಿ ಹಾಕಬೇಡಿ, ಏರ್‌ಪೋರ್ಟಿನಲ್ಲಿ ತೆಗೆಸುತ್ತಾರೆ.

ಲೆಕ್ಕದವರು

ಸೀಟಿನ ಪ್ರಶ್ನೆ ಉಳಿದಿತ್ತು. ಪಾಸ್ ಇಲ್ಲದೆ ಹೋದರೆ ಕ್ಯೋಟೊ ಗಾಡಿಗೆ ಸ್ಮಾರ್ಟ್‌ಇಎಕ್ಸ್ ಆ್ಯಪ್, ಒಂದು ಸಲಕ್ಕೆ 6 ಜನರವರೆಗೆ ಮಾತ್ರ. 5 ಮತ್ತು 4 ಅಂತ ಎರಡು ಬುಕಿಂಗ್ ಮಾಡಿ, ಒಂದೇ ಬೋಗಿಯಲ್ಲಿ ಹಿಂದೆ ಮುಂದೆ ಸಾಲು ಆರಿಸಿ. ಒಂದು ಸಾಲಿಗೆ ಮೂರು ಮತ್ತು ಎರಡು ಸೀಟು, ಪೆಡಲ್ ಒತ್ತಿ ತಿರುಗಿಸಿಕೊಂಡರೆ ಎದುರುಬದುರು ಕೂರಬಹುದು. ಟೋಕಿಯೊದಿಂದ ಹೊರಟಾಗ ಫ್ಯೂಜಿ ಬಲಗಡೆ, ಇ ಸೀಟು.

ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟುವ ಪೆಟ್ಟಿಗೆ ಇದ್ದರೆ ಆ ಗಾಡಿಗಳಲ್ಲಿ ಅದಕ್ಕೆಂದೇ ಇರುವ ಸೀಟು ಕಾಯ್ದಿರಿಸಬೇಕು. ಅದಕ್ಕಿಂತ ಸುಲಭ, ಹಿಂದಿನ ದಿನ ಹೋಟೆಲ್ ಕೌಂಟರ್‌ನಲ್ಲಿ ಕೊಟ್ಟರೆ ಕಪ್ಪು ಬೆಕ್ಕಿನ ಗುರುತಿನ ಕೊರಿಯರ್‌ನವರು ಪೆಟ್ಟಿಗೆಯನ್ನು ಕ್ಯೋಟೊ ಹೋಟೆಲಿಗೆ ಮುಟ್ಟಿಸುತ್ತಾರೆ. ಆಗ ಕೈ ಬೀಸಿಕೊಂಡು ದಾರಿಯಲ್ಲಿ ನಗೋಯಾದಲ್ಲಿ ಇಳಿದು ಮ್ಯೂಸಿಯಂ ನೋಡಿ. ಹಳಿ ತಪಾಸಣೆಯ ಹಳದಿ ಶಿಂಕಾನ್ಸೆನ್, ಡಾಕ್ಟರ್ ಯೆಲ್ಲೊ, ಎರಡರಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತಿ ಆಯಿತಲ್ಲ, ಅದರ ಮುಂದಿನ ಬೋಗಿ ಈಗ ಅಲ್ಲೇ ಇದೆ. ಮಂಗಳವಾರ ಆಗದಂತೆ ನೋಡಿಕೊಳ್ಳಿ.