ಬೆಂಗಳೂರಿನ ಹಳೆಯ ಥಿಯೇಟರ್ ಕಟ್ಟಡಗಳಲ್ಲಿ ಈಗ ನೋಡಲು ಯಾವುದು ಉಳಿದಿದೆ?

ಬಿನ್ನಿಪೇಟೆಯವ:
ಎಲ್ಲರಿಗೂ ನಮಸ್ಕಾರ. ಸ್ಯಾಂಕಿ ರಸ್ತೆಯ ಕಾವೇರಿ ಥಿಯೇಟರನ್ನೂ 2024ರಲ್ಲಿ ಒಡೆದರು. 1974ರಿಂದ ಇದ್ದ ಥಿಯೇಟರ್ ಅದು. ಅಲ್ಲಿಂದ ನನಗೆ ಒಂದೇ ಯೋಚನೆ, ಊರಿನ ಹಳೆಯ ಥಿಯೇಟರುಗಳನ್ನು ಮಗಳಿಗೆ ಒಮ್ಮೆ ತೋರಿಸಿಬಿಡಬೇಕು ಅಂತ. ಅವಳು ಮಾಲ್ ಬಿಟ್ಟು ಬೇರೆ ಕಡೆ ಸಿನಿಮಾ ನೋಡಿಯೇ ಇಲ್ಲ. ಎಲ್ಲಿಂದ ಶುರು ಮಾಡಲಿ? ಯಾವ ಕಟ್ಟಡ ಇನ್ನೂ ನಿಂತಿದೆ? ಕಟ್ಟಡ ಹೋಗಿದ್ದರೂ ಪರವಾಗಿಲ್ಲ, ಜಾಗ ಗೊತ್ತಾದರೂ ಸಾಕು.

ದಂಡಿನ ಕಡೆಯವಳು:
ಬ್ರಿಗೇಡ್ ರಸ್ತೆಯಿಂದ ಶುರು ಮಾಡಿ. ರೆಸಿಡೆನ್ಸಿ ರಸ್ತೆ ಸೇರುವ ಮೂಲೆಯಲ್ಲಿ ಆಪೆರಾ ಹೌಸ್ ಇದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ನಾಟಕ, ಸಂಗೀತ ನಡೆಯುತ್ತಿತ್ತು, ಆಮೇಲೆ ಸಿನಿಮಾ ಬಂತು, ಆಮೇಲೆ ಎಷ್ಟೋ ವರ್ಷ ಬೀಗ ಬಿದ್ದು ಹಾಳು ಸುರಿಯುತ್ತಿತ್ತು. 2018ರಲ್ಲಿ ಅದನ್ನು ದುರಸ್ತಿ ಮಾಡಿ ಸ್ಯಾಮ್‌ಸಂಗ್ ಮಳಿಗೆ ತೆರೆದರು. ಥಿಯೇಟರ್ ಹೋಯಿತು ಅಂತ ಬಹಳ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಳಗೆ ಫೋನ್ ಮಾರಿದರೆ ಮಾರಲಿ, ಗೋಡೆ ಉಳಿಯಿತಲ್ವಾ?

ಅದೇ ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಎಂ.ಜಿ. ರಸ್ತೆಯ ಪ್ಲಾಜಾ ಶುರುವಾದದ್ದು 1936ರಲ್ಲಿ, ಈಗ ಅದೂ ಇಲ್ಲ. ಕಬ್ಬನ್ ರಸ್ತೆಯಲ್ಲಿ ಬಿ.ಆರ್.ವಿ. ಅಂತ ಒಂದಿತ್ತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಪಡೆಯ ಹೆಸರದು.

ಶಿವಾಜಿನಗರದ ಎಲ್ಗಿನ್ ನೆನಪಾದರೆ ಮಾತ್ರ ಹೊಟ್ಟೆ ಉರಿಯುತ್ತದೆ. 1896ರದ್ದು. ಮೊದಲು ನಾಟಕ, ನಂತರ ಮೂಕಿ, ಆಮೇಲೆ ಟಾಕಿ. ನಮ್ಮ ಊರಿನ ಮನರಂಜನೆಯ ಚರಿತ್ರೆ ಪೂರ್ತಿ ಒಂದೇ ಸೂರಿನ ಕೆಳಗೆ ನಡೆದಿತ್ತು, ಅಂಥದ್ದನ್ನೂ ಉಳಿಸಿಕೊಳ್ಳಲಿಲ್ಲ.

ಚಿಕ್ಕಪೇಟೆ ಹುಡುಗ:
ದಂಡಿನ (ಕಂಟೋನ್ಮೆಂಟ್) ಕಡೆ ಮಾತ್ರ ನೋಡಿದರೆ ಅರ್ಧ ಕಥೆ ಅಷ್ಟೇ. ಪೇಟೆ ಕಡೆ ಬನ್ನಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ. ಅದಕ್ಕೂ ಮುಂಚೆ ಅದು ದೊಡ್ಡಣ್ಣ ಹಾಲ್ ಆಗಿತ್ತು, ಆಮೇಲೆ ಪರಿಮಳ ಟಾಕೀಸ್ ಆಯಿತು. ಕಟ್ಟಡ ಈಗಿಲ್ಲ. ಕನ್ನಡ ಸಿನಿಮಾ ಮೊದಲ ಸಲ ಮಾತಾಡಿದ ಜಾಗ ಅದು, ಮಗಳಿಗೆ ಖಂಡಿತ ತೋರಿಸಿ.

ಅಲ್ಲಿಂದ ಮೆಜೆಸ್ಟಿಕ್‌ಗೆ ಬನ್ನಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣ ಬಂತು, ಅದಕ್ಕೆ ಕೆಂಪೇಗೌಡರ ಹೆಸರಿಟ್ಟರು. ಜನ ಮಾತ್ರ ಇವತ್ತಿಗೂ ಕರೆಯುವುದು ಒಂದು ಥಿಯೇಟರ್ ಹೆಸರಿನಿಂದ! ಕೆ.ಜಿ. ರಸ್ತೆಯಲ್ಲಿ ಸಾಗರ್, ತ್ರಿಭುವನ್, ಮೇನಕಾ, ಸಂತೋಷ್, ನರ್ತಕಿ, ಸಪ್ನ ಅಂತ ಸಾಲಾಗಿ ಇದ್ದ ಕಾಲದಲ್ಲಿ ಶುಕ್ರವಾರ ಬೆಳಗ್ಗೆ ಆ ಕಟೌಟ್, ಹಾರ, ಡೊಳ್ಳು ನೋಡಲೆಂದೇ ಹೋಗುತ್ತಿದ್ದವರಿದ್ದರು. ಗಾಂಧಿನಗರದ ಕಪಾಲಿಯನ್ನು 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ್ದರು. ಸಿನೆರಾಮಾದ ಬಾಗಿದ ದೊಡ್ಡ ಪರದೆ ಇತ್ತು. 2017ರಲ್ಲಿ ಅದೂ ಮುಗಿಯಿತು. ಸಾವಿರಕ್ಕೂ ಜಾಸ್ತಿ ಸೀಟು, ವಾರದ ದಿನ ಕಾಲು ಭಾಗವೂ ತುಂಬದಿದ್ದರೆ ಮಾಲೀಕರು ತಾನೇ ಏನು ಮಾಡಿಯಾರು? ನಗರದ ನಡುವೆ ಅಷ್ಟು ಜಾಗ, ಬೆಲೆ ಕಟ್ಟೋಕೆ ಆಗಲ್ಲ.

ಆಪರೇಟರ್ ಮಗ:
ಸುಮ್ನೆ ಮುಂಭಾಗದ ಫೋಟೋ ತೆಗೆದುಕೊಂಡು ಬರಬೇಡಿ. ಯಾವುದಾದರೂ ಹಳೆಯ ಥಿಯೇಟರಿನಲ್ಲಿ ಇನ್ನೂ ಆಟ ನಡೆಯುತ್ತಿದ್ದರೆ ಕೇಳಿಕೊಂಡು ಪ್ರೊಜೆಕ್ಟರ್ ಕೋಣೆ ನೋಡಿ. ಗೋಡೆ ಯಾಕೆ ಅಷ್ಟು ದಪ್ಪ ಅಂತ ಮಗಳಿಗೆ ಹೇಳಿ. ಮೊದಲಿನ ಫಿಲ್ಮ್ ನೈಟ್ರೇಟಿನದು, ಕಿಡಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಕಿಂಡಿಗಳಿಗೆ ಕಬ್ಬಿಣದ ಮುಚ್ಚಳ. ಬೆಳಕಿಗೆ ಎರಡು ಕಾರ್ಬನ್ ಕಡ್ಡಿ ಉರಿಸಬೇಕಿತ್ತು, ಆ ಹೊಗೆ ಹೋಗಲು ಮೇಲೆ ಕೊಳವೆ. ಕಡ್ಡಿ ಸವೆದಂತೆ ಹತ್ತಿರ ತರುತ್ತಲೇ ಇರಬೇಕು, ರೀಲು ಮುಗಿಯುವ ಹೊತ್ತಿಗೆ ಪಕ್ಕದ ಪ್ರೊಜೆಕ್ಟರ್ ಸಿದ್ಧ ಇರಬೇಕು. ಆ ಸೆಕೆಯಲ್ಲಿ ನಮ್ಮಪ್ಪ ಒಂದು ಆಟದ ಕಥೆಯನ್ನೂ ಪೂರ್ತಿ ನೋಡಿದವರಲ್ಲ.

ಇನ್ನೊಂದು, ಗಾಂಧಿ ಕ್ಲಾಸಿನ, ಅಂದರೆ ಪರದೆ ಹತ್ತಿರದ ಅತಿ ಅಗ್ಗದ ಸೀಟಿನ ಕೌಂಟರ್ ಎಲ್ಲಿದೆ ಹುಡುಕಿ. ಬಾಲ್ಕನಿಯವರಿಗೆ ಮುಂದಿನ ಅಗಲ ಮೆಟ್ಟಿಲು. ಗಾಂಧಿ ಕ್ಲಾಸಿಗೆ ಪಕ್ಕದ ಗೋಡೆಗೆ ಅಂಟಿಕೊಂಡ, ಒಬ್ಬರೇ ನುಗ್ಗುವಷ್ಟು ಇಕ್ಕಟ್ಟಿನ ಓಣಿ. ಒಂದೇ ಸಿನಿಮಾ, ಆದರೆ ಯಾರು ಯಾವ ಬಾಗಿಲಲ್ಲಿ ಬರಬೇಕು ಅನ್ನುವುದನ್ನು ಕಟ್ಟಡ ಕಟ್ಟುವಾಗಲೇ ತೀರ್ಮಾನ ಮಾಡಿರುತ್ತಿದ್ದರು.

ಬಿನ್ನಿಪೇಟೆಯವ:
ತುಂಬಾ ಥ್ಯಾಂಕ್ಸ್. ಭಾನುವಾರ ಮಾರ್ಕೆಟ್ ಕಡೆಯಿಂದ ಹೊರಟು ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದಲ್ಲಿ ಎಂ.ಜಿ. ರಸ್ತೆ. ಪ್ರೊಜೆಕ್ಟರ್ ಕೋಣೆ ತೋರಿಸುವ ಥಿಯೇಟರ್ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ.